ಒಡಲು ಒಪ್ಪುವ ಮೇಲ್ಮೈ

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿಯ ಕಡೆ ಹೊಲದ ಬದುಗಳಲ್ಲಿ ಬರಿಗಾಲಿನಿಂದ ನಡೆದಾಡಿದವರಿಗೆ ಜಾಲಿಮುಳ್ಳಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಅಂಗಾಲಿಗೆ ಹೊಕ್ಕ ಮುಳ್ಳಿನ ತುದಿ ಮುರಿದು ಒಳಗೇ ಉಳಿದರೆ, ಎರಡು ಮೂರು ದಿನಗಳಲ್ಲಿ ಆ ಜಾಗ ಕೆಂಪಾಗಿ ಬಾತು, ಕೀವುಗಟ್ಟಿ, ಕಡೆಗೆ ಕೀವಿನೊಡನೆ ಮುಳ್ಳೂ ಹೊರಬೀಳುತ್ತದೆ. ಕೆಲವು ವೇಳೆ ಹಾಗಾಗುವುದಿಲ್ಲ. ಮುಳ್ಳಿನ ಸುತ್ತ ಗಟ್ಟಿಯಾದ ಗಂಟೊಂದು ಬೆಳೆದು, ನೋವು ಅಡಗಿ, ಮುಳ್ಳು ಅಲ್ಲಿಯೇ ವರ್ಷಗಟ್ಟಲೆ ಉಳಿದುಬಿಡುವುದೂ ಉಂಟು. ಹೊರಗಿನಿಂದ ಬಂದ ವಸ್ತುವನ್ನು ದೇಹವು ನಡೆಸಿಕೊಳ್ಳುವ ರೀತಿಯೆಲ್ಲ ಈ ಎರಡರಲ್ಲಿ ಅಡಗಿದೆ. ಸಾಧ್ಯವಾದರೆ ಹೊರದೂಡುವುದು, ಸಾಧ್ಯವಾಗದಿದ್ದರೆ ಸುತ್ತಲೂ ಗೋಡೆ ಕಟ್ಟಿ ಸೆರೆಯಲ್ಲಿಡುವುದು.

ಇಷ್ಟು ಸಣ್ಣ ಮುಳ್ಳನ್ನು ಸಹಿಸದ ಅದೇ ದೇಹದೊಳಗೆ ಇಂದು ನಾವು ಗೇಣುದ್ದದ ಲೋಹದ ಕೀಲನ್ನೂ, ಪ್ಲಾಸ್ಟಿಕ್ಕಿನ ಕಣ್ಣಿನ ಮಸೂರವನ್ನೂ, ಹೃದಯದ ಕವಾಟವನ್ನೂ ಇಡುತ್ತಿದ್ದೇವೆ. ದೇಹ ಇವನ್ನು ಹೇಗೆ ತಾಳಿಕೊಳ್ಳುತ್ತದೆ ಎಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ಅವು ಜಡವಸ್ತುಗಳು, ದೇಹದೊಡನೆ ಅವಕ್ಕೆ ಯಾವ ವ್ಯವಹಾರವೂ ಇಲ್ಲ, ಆದುದರಿಂದ ದೇಹ ಅವನ್ನು ಗಮನಿಸುವುದಿಲ್ಲ. ಈ ಉತ್ತರ ತಪ್ಪೆಂದು ನಮ್ಮ ಅಭಿಪ್ರಾಯ. ತಪ್ಪು ಪುಸ್ತಕದಲ್ಲಿಯೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಅದರ ಬೆಲೆಯನ್ನು ನಮ್ಮ ಹಳ್ಳಿಗಳ ರೋಗಿಗಳು ತೆರುತ್ತಿರುವುದರಿಂದ ಅದನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಈ ವಿಷಯದಲ್ಲಿ ನಮ್ಮ ಅಜ್ಜಿಯರ ಅನುಭವ ನಮಗಿಂತ ಹಳೆಯದು. ಮಗುವಿನ ಕಿವಿ ಚುಚ್ಚಿದಾಗ ತೂತಿಗೆ ಚಿನ್ನದ ತಂತಿಯನ್ನೋ ಬೇವಿನ ಕಡ್ಡಿಯನ್ನೋ ಇಡುತ್ತಿದ್ದರು. ಕೆಲವು ವಾರಗಳಲ್ಲಿ ತೂತಿನ ಒಳಗೋಡೆಗೆ ಚರ್ಮ ಹಬ್ಬಿ ಗಾಯ ಮಾಯುತ್ತಿತ್ತು. ಅದೇ ಕಿವಿಗೆ ಜಾತ್ರೆಯಲ್ಲಿ ಕೊಂಡ ಗಿಲೀಟಿನ ಓಲೆಯನ್ನು ಹಾಕಿದರೆ ಹಲವರಿಗೆ ಕೆರೆತ ಹತ್ತಿ ನೀರು ಸೋರುತ್ತದೆ. ಗಿಲೀಟಿನ ಕೆಳಗಿರುವ ಮಿಶ್ರಲೋಹದಲ್ಲಿ ಅನೇಕ ವೇಳೆ ನಿಕ್ಕಲ್ ಇರುತ್ತದೆ. ಬೆವರಿನಲ್ಲಿ ಅದು ಅಯಾನುಗಳಾಗಿ ಕರಗಿ ಚರ್ಮವನ್ನು ಸೇರುತ್ತದೆ. ಹೊರಗೆ ಹೊಳೆಯುವ ಎರಡು ಓಲೆಗಳನ್ನು ಕಣ್ಣು ಒಂದೇ ಎಂದರೂ ಕಿವಿ ಒಂದೇ ಎನ್ನುವುದಿಲ್ಲ.

ಹಾಗಾದರೆ ದೇಹ ನೋಡುವುದಾದರೂ ಏನನ್ನು? ಭೌತವಿಜ್ಞಾನಿಯ ಉತ್ತರ ಸರಳವಾಗಿದೆ. ದೇಹಕ್ಕೆ ವಸ್ತುವಿನ ಒಡಲು ಎಂದೂ ಕಾಣಿಸದು. ಅದಕ್ಕೆ ಕಾಣುವುದು ಮೇಲ್ಮೈ ಮಾತ್ರ. ಅದೂ ಕೆಲವೇ ನ್ಯಾನೊಮೀಟರುಗಳಷ್ಟು ದಪ್ಪದ ಪದರ, ಎಂದರೆ ತಲೆಗೂದಲಿನ ದಪ್ಪದಲ್ಲಿ ಸುಮಾರು ಹತ್ತು ಸಾವಿರದ ಒಂದು ಪಾಲು. ವಸ್ತುವನ್ನು ರಕ್ತದೊಳಗೆ ಇಟ್ಟ ಕ್ಷಣದಲ್ಲಿಯೇ ನೀರಿನ ಅಣುಗಳು ಮೇಲ್ಮೈಯನ್ನು ಮುತ್ತುತ್ತವೆ. ಕೆಲವು ಸೆಕೆಂಡುಗಳೊಳಗೆ ರಕ್ತದಲ್ಲಿರುವ ಪ್ರೋಟೀನುಗಳು ಬಂದು ಅಂಟಿಕೊಳ್ಳುತ್ತವೆ. ಮೊದಲು ಬರುವವು ರಕ್ತದಲ್ಲಿ ಹೇರಳವಾಗಿದ್ದು ಬೇಗ ಚಲಿಸಬಲ್ಲ ಪ್ರೋಟೀನುಗಳು. ಅನಂತರ ನಿಧಾನವಾಗಿ ಬಂದು ಬಲವಾಗಿ ಅಂಟಬಲ್ಲವು ಮೊದಲಿನವನ್ನು ಎಬ್ಬಿಸಿ ತಾವು ಕೂರುತ್ತವೆ. ಬಸ್ಸಿನಲ್ಲಿ ಟವೆಲು ಹಾಸಿ ಸೀಟು ಹಿಡಿಯುವ ನಮ್ಮ ಪದ್ಧತಿ ಅಲ್ಲಿ ನಡೆಯದು. ಈ ಪದಚ್ಯುತಿಯ ಆಟವನ್ನು ೧೯೬೦ರ ದಶಕದಲ್ಲಿ ಬಯಲಿಗೆ ತಂದವನು ಲಿಯೊ ವ್ರೊಮನ್ ಎಂಬ ವಿಜ್ಞಾನಿ. ಆತ ಡಚ್ ಭಾಷೆಯ ಹೆಸರಾಂತ ಕವಿಯೂ ಆಗಿದ್ದನೆಂಬುದನ್ನು, ವಿಜ್ಞಾನದವರಿಗೆ ಕಾವ್ಯ ಒಗ್ಗದೆಂದು ಭಾವಿಸುವ ವಿದ್ಯಾರ್ಥಿಮಿತ್ರರು ಗಮನಿಸಬಹುದು.

ಆಮೇಲೆ ಬರುವ ಜೀವಕೋಶಗಳಿಗೆ ಮೂಲವಸ್ತು ಕಾಣುವುದೇ ಇಲ್ಲ. ಅವುಗಳಿಗೆ ಕಾಣುವುದು ಅದರ ಮೇಲೆ ಹೊದೆದ ಪ್ರೋಟೀನಿನ ಹಚ್ಚಡ. ಆ ಪ್ರೋಟೀನುಗಳು ತಮ್ಮ ಸಹಜವಾದ ಮಡಿಕೆಗಳನ್ನು ಉಳಿಸಿಕೊಂಡಿದ್ದರೆ ಒಂದು ಫಲ. ಮೇಲ್ಮೈಯ ಸೆಳೆತಕ್ಕೆ ಸಿಕ್ಕಿ ಮಡಿಕೆ ಬಿಚ್ಚಿ ಹರಡಿಕೊಂಡಿದ್ದರೆ ಇನ್ನೊಂದು ಫಲ. ಫೈಬ್ರಿನೊಜೆನ್ ಎಂಬ ಪ್ರೋಟೀನು ಹೀಗೆ ಹರಡಿಕೊಂಡ ಕಡೆ ರಕ್ತದ ಕಿರುಬಿಲ್ಲೆಗಳು ಬಂದು ಅಂಟುತ್ತವೆ, ರಕ್ತ ಹೆಪ್ಪುಗಟ್ಟಲು ತೊಡಗುತ್ತದೆ. ಮಾಂಸದೊಳಗಾದರೆ ಪರವಸ್ತುಗಳನ್ನು ನುಂಗುವ ಮಹಾಭಕ್ಷಕ ಕೋಶಗಳು ಬರುತ್ತವೆ. ನುಂಗಲಾರದಷ್ಟು ದೊಡ್ಡ ವಸ್ತುವಾದರೆ ಅವು ಹಲವಾರು ಸೇರಿ ಒಂದೇ ದೈತ್ಯಕೋಶವಾಗಿ ಮೇಲೆ ಮಲಗುತ್ತವೆ. ಅವುಗಳ ಬೆನ್ನಿಗೆ ನಾರಿನ ಗೋಡೆ ಏಳುತ್ತದೆ. ಇದು ಮುಳ್ಳಿನ ಸುತ್ತ ಬೆಳೆದ ಅದೇ ಗಂಟು. ಹೀಗಿರುವಾಗ ದೇಹ ಗಮನಿಸದ ವಸ್ತುವೆಂಬುದು ಎಲ್ಲಿದೆ? ಗಮನಿಸಿದ ಮೇಲೆ ಏನು ಮಾಡುತ್ತದೆ ಎಂಬುದಷ್ಟೇ ವ್ಯತ್ಯಾಸ.

ಟೈಟೇನಿಯಮ್ಮಿನ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ೧೯೫೨ರಲ್ಲಿ ಸ್ವೀಡನ್ನಿನ ಬ್ರೊನೆಮಾರ್ಕ್ ಎಂಬ ಸಂಶೋಧಕ, ಜೀವಂತ ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹರಿಯುವುದನ್ನು ನೋಡಲು ಟೈಟೇನಿಯಮ್ಮಿನ ಪುಟ್ಟ ಕೋಣೆಯೊಂದನ್ನು ಅಲ್ಲಿ ಕೂರಿಸಿದ್ದನು. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಹೋದರೆ ಬರಲೊಲ್ಲದು. ಮೂಳೆಯೇ ಬೆಳೆದು ಲೋಹವನ್ನು ಹಿಡಿದುಕೊಂಡಿತ್ತು. ೧೯೬೫ರಲ್ಲಿ ಮನುಷ್ಯನ ದವಡೆಯಲ್ಲಿ ಈ ಲೋಹದ ಬೇರುಗಳನ್ನು ನೆಟ್ಟು ಅವುಗಳ ಮೇಲೆ ಹಲ್ಲು ಕಟ್ಟಿದರು. ವಾಸ್ತವವಾಗಿ ಟೈಟೇನಿಯಂ ಜಡವಾದ ಲೋಹವಲ್ಲ. ಆಮ್ಲಜನಕವನ್ನು ಕಂಡರೆ ಹಸಿದು ಬೀಳುವ ಲೋಹ. ಆ ಹಸಿವಿನಿಂದಲೇ ಗಾಳಿಗೊಡ್ಡಿದ ಕೂಡಲೆ ಅದರ ಮೈಮೇಲೆ ಆಕ್ಸೈಡಿನ ತೆಳುಪೊರೆಯೊಂದು ಕಟ್ಟುತ್ತದೆ. ಗೀರಿದರೆ ಮತ್ತೆ ತಾನೇ ಮುಚ್ಚಿಕೊಳ್ಳುತ್ತದೆ. ಮೂಳೆ ಒಪ್ಪಿಕೊಂಡದ್ದು ಆ ಪೊರೆಯನ್ನು.

ಒಂದು ಷರತ್ತಿದೆ. ನೆಟ್ಟ ಲೋಹ ಮೊದಲ ವಾರಗಳಲ್ಲಿ ಅಲುಗಾಡಬಾರದು. ಮಿಲಿಮೀಟರಿನ ಹತ್ತನೆಯ ಒಂದೆರಡು ಪಾಲಿನಷ್ಟು ಅಲುಗಾಡಿದರೂ ಮೂಳೆಯ ಬದಲು ನಾರಿನ ಅಂಗಾಂಶ ಬೆಳೆದು ಕೂರುತ್ತದೆ. ದಂಡಿಗನಹಳ್ಳಿಯಿರುವ ತಾಲ್ಲೂಕಿನಲ್ಲಿಯೇ ಶ್ರವಣಬೆಳಗೊಳವೂ ಇದೆ. ಅಲ್ಲಿಯ ಗೊಮ್ಮಟನ ಕಾಲುತೋಳುಗಳಿಗೆ ಬಳ್ಳಿ ಹಬ್ಬಿರುವುದನ್ನೂ, ಇಕ್ಕೆಲದಲ್ಲಿ ಹುತ್ತ ಎದ್ದಿರುವುದನ್ನೂ ನೋಡಿದಾಗಲೆಲ್ಲ ನಮಗೆ ಈ ಷರತ್ತು ನೆನಪಾಗುತ್ತದೆ. ಸಾಕಷ್ಟು ಕಾಲ ಕದಲದೆ ನಿಂತವನನ್ನು ಬಳ್ಳಿ ತನ್ನ ಆಸರೆಯೆಂದು ಬಗೆಯಿತು. ಶಿಲ್ಪಿ ಕಂಡದ್ದು ತಪಸ್ಸನ್ನು. ಮೂಳೆಯ ವೈದ್ಯನಿಗೂ ಅದರಲ್ಲಿ ಒಂದು ಪಾಠವಿದೆ.

ಎಲ್ಲ ಕಡೆಯೂ ಅಂಟಿಕೊಳ್ಳುವುದೇ ಒಳ್ಳೆಯದೆಂದಲ್ಲ. ಕಣ್ಣಿನೊಳಗೆ, ಅದಕ್ಕಿಂತ ಹೆಚ್ಚಾಗಿ ರಕ್ತದೊಳಗೆ, ನಮಗೆ ಬೇಕಾದದ್ದು ಏನೂ ಅಂಟದ ಮೇಲ್ಮೈ. ಕಣ್ಣು ಸ್ವಲ್ಪ ದಯಾಳು. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಮೇಲ್ಗವಸು ಸಿಡಿದು ಅದರ ಚೂರುಗಳು ಹೊಕ್ಕ ಚಾಲಕರ ಕಣ್ಣುಗಳು ಅವನ್ನು ಹೆಚ್ಚು ಗಲಾಟೆಯಿಲ್ಲದೆ ಸಹಿಸಿದ್ದನ್ನು ಹೆರಾಲ್ಡ್ ರಿಡ್ಲಿ ಎಂಬ ಆಂಗ್ಲ ವೈದ್ಯ ಗಮನಿಸಿದನು. ೧೯೪೯ರಲ್ಲಿ ಅದೇ ಜಾತಿಯ ಪ್ಲಾಸ್ಟಿಕ್ಕಿನ ಮಸೂರವನ್ನು ಆತ ರೋಗಿಯ ಕಣ್ಣಿನಲ್ಲಿಟ್ಟನು. ನಮ್ಮಲ್ಲಿ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರಗಳಲ್ಲಿ ಪೊರೆ ತೆಗೆಯುತ್ತಿದ್ದ ಕಾಲದಲ್ಲಿ ಪೊರೆ ತೆಗೆಸಿಕೊಂಡವರು ದಪ್ಪಗಾಜಿನ ಕನ್ನಡಕದಿಂದಲೇ ಜಗತ್ತನ್ನು ನೋಡಬೇಕಾಗಿತ್ತು. ಇಂದು ಹಳ್ಳಿಯ ಮುದುಕಿಯೊಬ್ಬಳು ಕಣ್ಣಿನೊಳಗೆ ಮಸೂರವಿದೆಯೆಂಬುದನ್ನೇ ಮರೆತು ರಾಗಿ ಹಸನು ಮಾಡುತ್ತಾಳೆ. ಇಂಥ ಮರೆವು ದೊರೆತಾಗ ಮಾತ್ರ ಮೇಲ್ಮೈಯ ವಿನ್ಯಾಸ ಗೆದ್ದಿತೆನ್ನಬೇಕು.

ರಕ್ತ ಹಾಗೆ ಮರೆಯುವುದಿಲ್ಲ. ಇಲ್ಲಿ ನಮ್ಮ ಭಾಷೆಯ ಒಂದು ನುಡಿಗಟ್ಟೇ ವಿದ್ಯಾರ್ಥಿಗಳನ್ನು ದಾರಿ ತಪ್ಪಿಸುವುದನ್ನು ತರಗತಿಯಲ್ಲಿ ಕಂಡಿದ್ದೇವೆ. ಏನೂ ಅಂಟದ ಮೇಲ್ಮೈ ಯಾವುದೆಂದು ಕೇಳಿದರೆ ಎಲ್ಲರೂ 'ತಾವರೆಯ ಎಲೆ' ಎನ್ನುತ್ತಾರೆ. ತಾವರೆಯ ಎಲೆಯ ಮೇಲೆ, ಕೆಸುವಿನ ಎಲೆಯ ಮೇಲೆ, ನೀರಿನ ಹನಿ ಮುತ್ತಿನಂತೆ ನಿಂತು ಜಾರುವುದು ನಿಜ. ಹನಿಯ ಅಂಚು ಮೇಲ್ಮೈಯೊಡನೆ ಮಾಡುವ ಸ್ಪರ್ಶಕೋನ ಅಲ್ಲಿ ೧೫೦ ಡಿಗ್ರಿಗಳನ್ನೂ ಮೀರುತ್ತದೆ. ಮೇಣದ ಸೂಕ್ಷ್ಮ ಉಬ್ಬುಗಳ ನಡುವೆ ಗಾಳಿ ಸಿಕ್ಕಿಕೊಂಡು ಹನಿಯನ್ನು ಎತ್ತಿಹಿಡಿಯುವುದು ಇದಕ್ಕೆ ಕಾರಣ. ಆದರೆ ರಕ್ತವೆಂದರೆ ಬರಿಯ ನೀರಲ್ಲ. ಪ್ರೋಟೀನಿನ ಅಣುವಿನಲ್ಲಿ ನೀರನ್ನು ಒಲ್ಲದ ಭಾಗಗಳು ಒಳಗೆ ಮಡಿಸಿಕೊಂಡು ಅಡಗಿರುತ್ತವೆ. ನೀರನ್ನು ಒಲ್ಲದ ಮೇಲ್ಮೈ ಎದುರಾದರೆ ಆ ಭಾಗಗಳು ಹೊರಗೆ ಬಂದು ಅದನ್ನು ತಬ್ಬಿಕೊಳ್ಳುತ್ತವೆ. ಅಣು ಮಡಿಕೆ ಬಿಚ್ಚಿ ಹರಡಿಕೊಳ್ಳುತ್ತದೆ. ಎಲೆಯ ಉಬ್ಬುಗಳ ನಡುವಿನ ಗಾಳಿಯೂ ರಕ್ತದಲ್ಲಿ ಮುಳುಗಿದ ಮೇಲೆ ಬಹುಕಾಲ ನಿಲ್ಲದು. ಹಾಗಾಗಿ ನೀರನ್ನು ದೂರವಿಡುವ ಮೇಲ್ಮೈ ಸಾಮಾನ್ಯವಾಗಿ ಪ್ರೋಟೀನನ್ನು ಬಳಿಗೆ ಕರೆಯುತ್ತದೆ. ಪ್ರೋಟೀನು ಹೆಚ್ಚಾಗಿ ಅಂಟದಿರುವುದು ಇದಕ್ಕೆ ವಿರುದ್ಧವಾದ ಗುಣದ ಮೇಲ್ಮೈಗಳಿಗೆ. ನೀರಿನ ಅಣುಗಳನ್ನು ಬಿಗಿಯಾಗಿ ಅಪ್ಪಿ ಹಿಡಿದಿರುವ ಪದಾರ್ಥಗಳ ಹತ್ತಿರ ಬರಬೇಕಾದರೆ ಪ್ರೋಟೀನು ಮೊದಲು ಆ ನೀರನ್ನು ಕದಲಿಸಬೇಕು, ಅದಕ್ಕೆ ಶಕ್ತಿ ವ್ಯಯವಾಗುತ್ತದೆ. ನಿರ್ಲಿಪ್ತತೆ ಇಲ್ಲಿ ದೊರೆಯುವುದು ನೀರನ್ನು ತೊರೆಯುವುದರಿಂದ ಅಲ್ಲ, ಹಿಡಿದುಕೊಳ್ಳುವುದರಿಂದ. ಆದರೂ ಪಾಲಿಎಥಿಲೀನ್ ಗ್ಲೈಕಾಲಿನಂಥ ಇಂತಹ ಲೇಪಗಳು ದೇಹದೊಳಗೆ ಕಾಲಕ್ರಮದಲ್ಲಿ ಶಿಥಿಲವಾಗುವುದರಿಂದ ಜೀವಮಾನದ ಕೆಲಸಕ್ಕೆ ಅವನ್ನು ನಂಬಿಕೊಳ್ಳುವುದು ಕಷ್ಟ. ನಮ್ಮ ರಕ್ತನಾಳದ ಒಳಮೈ ರಕ್ತವನ್ನು ಹೆಪ್ಪುಗಟ್ಟಗೊಡದೆ ಬಾಳುದ್ದಕ್ಕೂ ಕಾಯುತ್ತದೆ. ಆದರೆ ಅದು ಬರಿಯ ಮೇಲ್ಮೈಯಲ್ಲ. ಹಗಲಿರುಳೂ ದುಡಿಯುವ ಜೀವಕೋಶಗಳ ಹಾಸು. ಅದಕ್ಕೆ ಸಮನಾದುದನ್ನು ಇಂದಿನವರೆಗೆ ಯಾವ ಕಾರ್ಖಾನೆಯೂ ಮಾಡಿಲ್ಲ.

ಹೃದಯದ ಕೃತಕ ಕವಾಟದ ಕಷ್ಟವೆಲ್ಲ ಇಲ್ಲಿದೆ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಕವಾಟ ಅಷ್ಟೂ ಸಲ ತೆರೆದು ಮುಚ್ಚಬೇಕು, ಸವೆಯಬಾರದು, ಮುರಿಯಬಾರದು, ರಕ್ತವನ್ನು ಕೆರಳಿಸಬಾರದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರೂ ಅವರ ಸಂಗಡಿಗರೂ ಹತ್ತು ವರ್ಷಗಳಿಗೂ ಮೀರಿ ಈ ಕೆಲಸದಲ್ಲಿ ತೊಡಗಿದ್ದರು. (ವಲಿಯತ್ತಾನರು ಮುಂದೆ ನಮ್ಮ ಮಣಿಪಾಲದಲ್ಲಿ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದು, ೨೦೨೪ರಲ್ಲಿ ಅಲ್ಲಿಯೇ ತೀರಿಕೊಂಡರು.) ಅವರ ಮೊದಲ ಮಾದರಿಗಳು ಒಂದಾದ ಮೇಲೊಂದರಂತೆ ಸೋತವು. ಒಂದರಲ್ಲಿ ಟೈಟೇನಿಯಂ ಚೌಕಟ್ಟಿನ ಬೆಸೆದ ಕಡ್ಡಿ ಮುರಿಯಿತು. ಇನ್ನೊಂದರಲ್ಲಿ ಬಿಲ್ಲೆಯನ್ನು ಕೃತಕ ನೀಲಮಣಿಯಿಂದ ಮಾಡಿದ್ದರು. ರಕ್ತಕ್ಕೆ ಸೊಗಸಾಗಿ ಒಪ್ಪುವ ಆ ಮಣಿ ತನ್ನನ್ನು ಹಿಡಿದ ಟೈಟೇನಿಯಮ್ಮನ್ನು ಉಜ್ಜಿ ಸವೆಸಿತು. ಚೌಕಟ್ಟಿನ ಲೋಹವನ್ನು ಬದಲಾಯಿಸಿದ ಮೇಲೆ ನೀಲಮಣಿಯೇ ಒಡೆಯಿತು. ಕಡೆಗೆ ಗೆದ್ದದ್ದು ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟು ಮತ್ತು ಅತಿ ದೀರ್ಘ ಸರಪಣಿಯ ಪಾಲಿಎಥಿಲೀನಿನ ಬಿಲ್ಲೆ. ೧೯೯೦ರ ಡಿಸೆಂಬರ್ ೬ರಂದು ಅದನ್ನು ಮೊದಲ ರೋಗಿಗೆ ಇಟ್ಟರು. ಅಂದಿನಿಂದ ಲಕ್ಷಕ್ಕೂ ಮಿಕ್ಕ ಹೃದಯಗಳಲ್ಲಿ ಈ ಕವಾಟ ಕೆಲಸ ಮಾಡಿದೆ.

ಈ ಕವಾಟವನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಸಿಕ್ಕರೆ ಅದರ ಎರಡು ಮೇಲ್ಮೈಗಳನ್ನು ಹೋಲಿಸಿ ನೋಡಬೇಕು. ಬಿಲ್ಲೆ ಮತ್ತು ಚೌಕಟ್ಟು ನುಣುಪು. ಅಲ್ಲಿ ರಕ್ತ ನಿಲ್ಲದೆ ಜಾರಿ ಹೋಗಬೇಕು. ಸುತ್ತಲೂ ಹೊಲಿಗೆ ಹಾಕಲೆಂದಿರುವ ಬಳೆಯಾದರೋ ಪಾಲಿಯೆಸ್ಟರಿನ ಒರಟು ನೇಯ್ಗೆ. ಅದರ ಎಳೆಗಳ ನಡುವೆ ಹೃದಯದ ಅಂಗಾಂಶ ನುಗ್ಗಿ ಬೆಳೆದು ಹಿಡಿಯಬೇಕು. ಒಂದು ಅಂಗುಲದಷ್ಟು ಅಗಲದ ಯಂತ್ರದಲ್ಲಿ ದೇಹಕ್ಕೆ ಒಂದು ಕಡೆ 'ಮುಟ್ಟಬೇಡ' ಎಂದೂ ಮತ್ತೊಂದು ಕಡೆ 'ಬಾ, ನೆಲಸು' ಎಂದೂ ಹೇಳುತ್ತಿದ್ದೇವೆ. 'ದೇಹ ಒಪ್ಪುವ ವಸ್ತು' ಎಂದು ಒಟ್ಟಾಗಿ ಹೇಳುವ ಮಾತಿಗೆ ಅರ್ಥವಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಯಾವ ಜಾಗದಲ್ಲಿ, ಯಾವ ಕೆಲಸಕ್ಕೆ, ಎಷ್ಟು ಕಾಲ ಎಂಬುದನ್ನೂ ಕೂಡಿಯೇ ಹೇಳಬೇಕು.

ಎಷ್ಟು ನುಣುಪು ಮಾಡಿದರೂ ರಕ್ತ ಪೂರ್ತಿ ಮೋಸಹೋಗುವುದಿಲ್ಲ. ಆದುದರಿಂದ ಯಾಂತ್ರಿಕ ಕವಾಟ ಇಟ್ಟುಕೊಂಡವರು, ಕವಾಟ ಯಾವ ದೇಶದ್ದೇ ಆಗಿರಲಿ, ಬದುಕಿರುವವರೆಗೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ದಿನವೂ ನುಂಗಬೇಕು. ದಂಡಿಗನಹಳ್ಳಿ ಹೋಬಳಿಯ ಯಾವುದೋ ಊರಿನ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳೋಣ. ಚಿಕ್ಕಂದಿನಲ್ಲಿ ಗಂಟಲುನೋವು ಬಂದು, ಅದರ ಬೆನ್ನಿಗೆ ಕೀಲುನೋವಿನ ಜ್ವರ ಬಂದು, ಅವಳ ದೇಹ ತನ್ನ ಹೃದಯದ ಕವಾಟವನ್ನೇ ಪರಕೀಯವೆಂದು ಬಗೆದು ಕೆಡಿಸಿತು. ಇಪ್ಪತ್ತೈದರ ವಯಸ್ಸಿನಲ್ಲಿ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಶಸ್ತ್ರಚಿಕಿತ್ಸೆಯಾಗಿ ಕೃತಕ ಕವಾಟ ಬಂದಿತು. ಆಸ್ಪತ್ರೆಯ ದೃಷ್ಟಿಯಲ್ಲಿ ಅಂದಿಗೆ ಅವಳು ಗುಣವಾದಳು. ಅವಳ ಲೆಕ್ಕ ಅಂದು ಮೊದಲಾಯಿತು. ರಕ್ತದ ಹೆಪ್ಪುಗಟ್ಟುವಿಕೆಯನ್ನು ಅಳೆಯುವ ಐ. ಎನ್. ಆರ್. ಎಂಬ ಸಂಖ್ಯೆ, ಮೈಟ್ರಲ್ ಕವಾಟವಾದರೆ, ಸಾಮಾನ್ಯವಾಗಿ ೨.೫ರಿಂದ ೩.೫ರ ನಡುವೆ ಇರಬೇಕು. ಕೆಳಗಿಳಿದರೆ ಕವಾಟದ ಮೇಲೆ ಹೆಪ್ಪು ಕಟ್ಟೀತು. ಅದು ಕಿತ್ತು ಮೆದುಳಿಗೆ ಹೋದರೆ ಲಕ್ವ. ಮೇಲೇರಿದರೆ ಎಲ್ಲಾದರೂ ರಕ್ತ ಸೋರೀತು. ಅದನ್ನು ಅಳೆಯಿಸಲು ಮತ್ತೆ ಮತ್ತೆ ಪಟ್ಟಣಕ್ಕೆ ಹೋಗಬೇಕು. ಹಾಗೆ ಹೋದ ದಿನದ ಕೂಲಿ ಇಲ್ಲ.

ಅವಳ ಅಡುಗೆಮನೆಯೂ ಈ ಲೆಕ್ಕದೊಳಗೆ ಸೇರಿಕೊಂಡಿದೆ. ವಾರ್ಫರಿನ್ ಜಾತಿಯ ಮಾತ್ರೆ ಕೆಲಸ ಮಾಡುವುದು ಕೆ ಜೀವಸತ್ತ್ವಕ್ಕೆ ಅಡ್ಡ ನಿಂತು. ಆ ಜೀವಸತ್ತ್ವ ಹೇರಳವಾಗಿರುವುದು ಹಸಿರು ಸೊಪ್ಪಿನಲ್ಲಿ. ಬೇಸಿಗೆಯಲ್ಲಿ ಸೊಪ್ಪು ಅಪರೂಪ. ಮಳೆ ಬಿದ್ದು ಹೊಲದಲ್ಲಿ ಬೆರಕೆಸೊಪ್ಪು ಚಿಗುರಿದಾಗ ವಾರಕ್ಕೆ ನಾಲ್ಕು ದಿನ ಮುದ್ದೆಗೆ ಬಸ್ಸಾರೇ. ಮಾತ್ರೆ ಅಷ್ಟೇ ಇದ್ದರೂ ಆಗ ಅದರ ಬಲ ಕುಗ್ಗುತ್ತದೆ. ಸೊಪ್ಪು ತಿನ್ನಬಾರದೆಂದಲ್ಲ, ವರ್ಷವೆಲ್ಲ ಒಂದೇ ಪ್ರಮಾಣದಲ್ಲಿ ತಿನ್ನಬೇಕು ಎಂದು ವೈದ್ಯರು ಹೇಳುತ್ತಾರೆ. ಮಳೆಯನ್ನು ನಂಬಿ ಉಣ್ಣುವ ಮನೆಯಲ್ಲಿ ಈ ಸಲಹೆಯನ್ನು ಪಾಲಿಸುವ ಬಗೆ ಹೇಗೆ? ಬಸುರಿಯಾದರಂತೂ ಈ ಮಾತ್ರೆ ಹೊಟ್ಟೆಯ ಮಗುವಿಗೆ ಕೇಡು ಮಾಡಬಲ್ಲದು. ನಿಲ್ಲಿಸಿದರೆ ತಾಯಿಗೆ ಅಪಾಯ. ದನ ಅಥವಾ ಹಂದಿಯ ಅಂಗಾಂಶದಿಂದ ಮಾಡಿದ ಕವಾಟಗಳಿಗೆ ಮಾತ್ರೆಯ ಈ ಹೊರೆ ಬಹುಮಟ್ಟಿಗೆ ಇಲ್ಲ. ಆದರೆ ಅವು ಸುಣ್ಣಗಟ್ಟಿ ಕೆಡುತ್ತವೆ, ಎಳೆಯ ವಯಸ್ಸಿನವರಲ್ಲಿ ಇನ್ನೂ ಬೇಗ ಕೆಡುತ್ತವೆ, ಎರಡನೆಯ ಸಲ ಎದೆ ತೆರೆಯಬೇಕಾಗುತ್ತದೆ.

ಆದುದರಿಂದ ನಾವು ಹೇಳುವುದಿಷ್ಟು. ಆ ಮಾತ್ರೆ ರೋಗದ ಮದ್ದಲ್ಲ. ಮೇಲ್ಮೈ ಮಾಡಿದ ಸಾಲ. ವಿನ್ಯಾಸಕಾರ ತೀರಿಸಲಾರದೆ ಬಿಟ್ಟದ್ದನ್ನು ರೋಗಿ ದಿನಕ್ಕಿಷ್ಟರಂತೆ ತೀರಿಸುತ್ತಿದ್ದಾಳೆ. ಕವಾಟದ ಆಯುಷ್ಯವನ್ನೂ ಬೆಲೆಯನ್ನೂ ಪಟ್ಟಿಯಲ್ಲಿ ಬರೆಯುವಂತೆ, ಅದು ಎಷ್ಟು ಮಾತ್ರೆ, ಎಷ್ಟು ಪರೀಕ್ಷೆ, ಎಷ್ಟು ಬಸ್ ಪ್ರಯಾಣಗಳನ್ನು ಕೇಳುತ್ತದೆ ಎಂಬುದನ್ನೂ ಅದರ ಗುಣಗಳಲ್ಲಿ ಒಂದಾಗಿ ಎಣಿಸಬೇಕು. ನಮ್ಮ ದೇಶದಲ್ಲಿ ಅಗ್ಗದ ಕವಾಟವನ್ನು ಮಾಡಿದ್ದು ದೊಡ್ಡ ಸಾಧನೆ. ಆದರೆ ಪರೀಕ್ಷೆಯ ವ್ಯವಸ್ಥೆ ತಾಲ್ಲೂಕು ಆಸ್ಪತ್ರೆಯನ್ನೂ ದಾಟಿ ಹೋಬಳಿಯ ಆರೋಗ್ಯಕೇಂದ್ರದವರೆಗೆ ಬಾರದಿದ್ದರೆ ಆ ಅಗ್ಗ ಅವಳ ಮಟ್ಟಿಗೆ ಅರ್ಧ ಮಾತ್ರ ನಿಜ. ಇದು ವೈದ್ಯರ ಕೆಲಸ, ಸರ್ಕಾರದ ಕೆಲಸ, ವಿಜ್ಞಾನಿಗೆ ಇದರಲ್ಲಿ ಪಾತ್ರವಿಲ್ಲ ಎನ್ನುವವರುಂಟು. ನಾವು ಒಪ್ಪುವುದಿಲ್ಲ. ಸಾಲ ಮಾಡಿದವನೇ ಅದರ ಲೆಕ್ಕವನ್ನು ಮೊದಲು ತಿಳಿದಿರಬೇಕು.

ಕೆಲಸ ನಡೆದಿಲ್ಲವೆಂದಲ್ಲ. ಅಣುಶಕ್ತಿಯ ಇಂಧನದ ಕಾಳುಗಳಿಗೆ ಹೊದಿಸಲೆಂದು ಬೆಳೆಸಿದ ಒಂದು ಬಗೆಯ ಇಂಗಾಲವು ರಕ್ತಕ್ಕೂ ಚೆನ್ನಾಗಿ ಒಗ್ಗುವುದೆಂದು ೧೯೬೦ರ ದಶಕದಲ್ಲಿ ತಿಳಿದುಬಂದು, ಇಂದು ಅನೇಕ ಕವಾಟಗಳ ಮೈ ಅದರಿಂದಲೇ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೌಶಿಕ್ ಚಟರ್ಜಿ ಮತ್ತು ಸಂಗಡಿಗರು ೨೦೧೭ರಲ್ಲಿ 'ಕಪ್ಪು ಟೈಟೇನಿಯಂ' ಎಂಬುದನ್ನು ವರದಿ ಮಾಡಿದರು. ಇದರ ಮೂಲ ಪ್ರೇರಣೆ ಕೀಟಗಳು. ಜೀರುಂಡೆಯ ರೆಕ್ಕೆಯ ಮೇಲಿನ ಅತಿಸೂಕ್ಷ್ಮ ಕಂಬಗಳ ಮೇಲೆ ಕುಳಿತ ಬ್ಯಾಕ್ಟೀರಿಯಗಳು ಮೈ ಹರಿದು ಸಾಯುವುದನ್ನು ಆಸ್ಟ್ರೇಲಿಯದವರು ೨೦೧೨ರಲ್ಲಿ ತೋರಿಸಿದ್ದರು. ಬೆಂಗಳೂರಿನವರು ಟೈಟೇನಿಯಮ್ಮಿನ ಮೈಯನ್ನು ಪ್ಲಾಸ್ಮಾದಿಂದ ಕೊರೆದು ಅಂಥ ಕಂಬಗಳನ್ನು ಎಬ್ಬಿಸಿದರು. ಬೆಳಕು ಕಂಬಗಳ ನಡುವೆ ಸಿಕ್ಕಿ ಹಿಂತಿರುಗದ ಕಾರಣ ಲೋಹ ಕಪ್ಪಾಗಿ ಕಾಣುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಗಳು ಸತ್ತವು. ಮನುಷ್ಯನ ಆಕರಕೋಶಗಳು ಮಾತ್ರ ಸುಖವಾಗಿ ಬೆಳೆದವು. ಇದು ಪ್ರಯೋಗಶಾಲೆಯ ಫಲಿತಾಂಶ. ಮೂಳೆಯೊಳಗೆ ಲೋಹವನ್ನು ಬಡಿದು ಕೂರಿಸುವಾಗ ಆ ಕಂಬಗಳು ನಿಲ್ಲಬೇಕು, ಸತ್ತ ಬ್ಯಾಕ್ಟೀರಿಯಗಳ ಹೆಣಗಳು ಕಂಬಗಳನ್ನು ಮುಚ್ಚಬಾರದು. ಈ ಪ್ರಶ್ನೆಗಳು ಉಳಿದಿವೆ. ಆದರೂ ಔಷಧವಿಲ್ಲದೆ ಆಕಾರದಿಂದಲೇ ಬ್ಯಾಕ್ಟೀರಿಯವನ್ನು ಕೊಲ್ಲುವ ಯೋಚನೆ ಭೌತವಿಜ್ಞಾನದವರಿಗೆ ಹೆಮ್ಮೆ ತರುವಂಥದು.

ಇಷ್ಟಾಗಿಯೂ ನಮ್ಮ ಕಾಲೇಜುಗಳಲ್ಲಿ ಮೇಲ್ಮೈಯ ಸೆಳೆತವೆಂದರೆ ಲೋಮನಾಳದಲ್ಲಿ ನೀರು ಎಷ್ಟು ಸೆಂಟಿಮೀಟರು ಏರುತ್ತದೆ ಎಂಬ ಲೆಕ್ಕವಾಗಿ ಉಳಿದಿದೆ. ಸ್ಪರ್ಶಕೋನವನ್ನು ಸೊನ್ನೆಯೆಂದು ಹಿಡಿಯಿರಿ ಎಂದು ಪ್ರಶ್ನೆಪತ್ರಿಕೆಯೇ ಹೇಳಿಬಿಡುತ್ತದೆ. ಸ್ವಾರಸ್ಯವೆಲ್ಲ ಅಡಗಿರುವ ಆ ಕೋನವನ್ನು ಯಾರೂ ಅಳೆಯುವುದಿಲ್ಲ. ಅಳೆಯಲು ದೊಡ್ಡ ಉಪಕರಣವೇನೂ ಬೇಡ. ಮನೆಯಲ್ಲಿರುವ ಪ್ಲಾಸ್ಟಿಕ್ ಡಬ್ಬಿಯ ಚಪ್ಪಟೆ ಮುಚ್ಚಳವೊಂದನ್ನು ಸಾಬೂನಿನಿಂದ ತೊಳೆದು, ಸಾಬೂನು ಪೂರ್ತಿ ಹೋಗುವಂತೆ ಜಾಲಿಸಿ ಒಣಗಿಸಿ. ಅದರ ಮೇಲೆ ಒಂದು ಹನಿ ನೀರನ್ನಿಟ್ಟು ಪಕ್ಕದಿಂದ ಛಾಯಾಚಿತ್ರ ತೆಗೆದು ಹನಿಯ ಅಂಚಿನ ಕೋನವನ್ನು ಕೋನಮಾಪಕದಿಂದ ಅಳೆಯಿರಿ. ಅನಂತರ ಮೊಟ್ಟೆಯ ಬಿಳಿಯ ಭಾಗವನ್ನು ನೀರಿನಲ್ಲಿ ಕದಡಿ ಮುಚ್ಚಳವನ್ನು ಅದರಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ತೆಗೆದು ಶುದ್ಧವಾದ ನೀರಿನಲ್ಲಿ ನಾಲ್ಕೈದು ಸಲ ಜಾಲಿಸಿ, ಒಣಗಿಸಿ, ಅದೇ ಜಾಗದಲ್ಲಿ ಮತ್ತೊಂದು ಹನಿಯನ್ನಿಡಿ. ಮುಚ್ಚಳ ಕಣ್ಣಿಗೆ ಮೊದಲಿನಂತೆಯೇ ಇರುತ್ತದೆ, ಕೈಗೂ ಹಾಗೆಯೇ ತೋರುತ್ತದೆ. ಹನಿ ಮಾತ್ರ ಮೊದಲಿನಷ್ಟು ದುಂಡಗೆ ನಿಲ್ಲದೆ ತುಸು ಹರಡಿಕೊಳ್ಳುತ್ತದೆ.